ಬೀಗಿತ್ತಿ ಬಾರದ ಮದುವೆ

ವರನ ಕಡೆಯವರ ಬಸ್ಸು ಛತ್ರದ ಮುಂದೆ ಬಂದು ನಿಂತಾಗ ಸಂಜೆ ಐದೂವರೆ. 2011ರ ಫೆಬ್ರುವರಿ. ಮೈಸೂರಿನ ಹಳೆಯ ಬಡಾವಣೆಯೊಂದರ ಛತ್ರ; ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಓಲಗದವರು ಶುರು ಮಾಡಿಯೇಬಿಟ್ಟರು. ಹುಡುಗಿಯ ತಾಯಿ ಆರತಿ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಬೀಗಿತ್ತಿಗೆಂದೇ ತೆಗೆದ ರೇಷ್ಮೆ ಸೀರೆ, ಬೆಳ್ಳಿಯ ಕುಂಕುಮದ ಬಟ್ಟಲು ಒಳಗೆ ಹರಿವಾಣದಲ್ಲಿ ಸಿದ್ಧವಾಗಿದ್ದವು. ಬಸ್ಸಿನಿಂದ 22 ಮಂದಿ ಇಳಿದರು. ಹುಡುಗ, ಅವನ ತಂದೆ, ಚಿಕ್ಕಪ್ಪಂದಿರು, ಸೋದರತ್ತೆ, ಸ್ನೇಹಿತರು. ಡ್ರೈವರು ಬಾಗಿಲು ಹಾಕಿಕೊಂಡು ಬಸ್ಸನ್ನು ನೆರಳಿಗೆ ನಿಲ್ಲಿಸಲು ಹೋದ.

"ಬೀಗಿತ್ತಿ ಎಲ್ಲಿ?" ಎಂದರು ತಾಯಿ.

ಬೀಗಿತ್ತಿ ಕೋಲ್ಕತ್ತದ ತಮ್ಮ ಮನೆಯಲ್ಲೇ ಇದ್ದರು. ಬಂಗಾಳದ ಎಷ್ಟೋ ಮನೆತನಗಳಲ್ಲಿ ಹೆತ್ತ ತಾಯಿ ಮಗನ ಮದುವೆಯನ್ನು ಕಣ್ಣಾರೆ ನೋಡುವ ಪದ್ಧತಿಯಿಲ್ಲ. ಏಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ: ತಾಯಿಯ ದೃಷ್ಟಿ ತಾಗೀತು ಎನ್ನುವವರುಂಟು, ಸೊಸೆಯನ್ನು ಮನೆತುಂಬಿಸಿಕೊಳ್ಳಲು ಅವಳು ಮನೆಯಲ್ಲಿರಲೇಬೇಕು ಎನ್ನುವವರುಂಟು. ಈಚೆಗೆ ಇದನ್ನು ಬಿಟ್ಟವರೂ ಇದ್ದಾರೆ. ಆ ಮನೆಯವರು ಬಿಟ್ಟಿರಲಿಲ್ಲ. ಇದು ಮದುವಣಗಿತ್ತಿಗೆ ಮೂರು ತಿಂಗಳಿಂದ ಗೊತ್ತಿತ್ತು. ಅವಳು ತಾಯಿಗೆ ಹೇಳಿರಲಿಲ್ಲ.

ತಾಯಿ ಆರತಿ ತಟ್ಟೆಯನ್ನು ತಂಗಿಯ ಕೈಗೆ ಕೊಟ್ಟು ಉಗ್ರಾಣಕ್ಕೆ ಹೋಗಿ, ಅಕ್ಕಿ ಮೂಟೆಗಳ ನಡುವೆ ಕೂತುಬಿಟ್ಟರು. "ಬೇಡವಾದ ಸಂಬಂಧ. ಅದಕ್ಕೇ ಆಕೆ ಬಂದಿಲ್ಲ. ಇಷ್ಟು ಜನದ ಮುಂದೆ ನನಗೆ ಇದೊಂದು ಬಾಕಿಯಿತ್ತು."

ಮಗಳು ಏಕೆ ಹೇಳಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹುಡುಗ ಹುಡುಗಿ ಬೆಂಗಳೂರಿನಲ್ಲಿ ಒಂದೇ ಕಡೆ ಓದಿದವರು. ಪರಿಚಯ, ಸ್ನೇಹ, ಪ್ರೀತಿ ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಅದರಲ್ಲಿ ಹೇಳುವಂಥ ವಿಶೇಷವೇನಿಲ್ಲ. ಪ್ರೀತಿಸಿದವರಿಗೆಲ್ಲ ತಮ್ಮದೇ ಮೊದಲನೆಯದು ಅನಿಸುತ್ತದೆ, ಅಷ್ಟೆ. ಇಬ್ಬರಿಗೂ ಕೆಲಸ ಸಿಕ್ಕಿದ ಮೇಲೆ, 2010ರ ಮೊದಲಲ್ಲಿ, ಮಗಳು ಮೈಸೂರಿಗೆ ಬಂದು ವಿಷಯ ತೆಗೆದಳು. ತಂದೆ ಬ್ಯಾಂಕಿನಿಂದ ನಿವೃತ್ತರಾದವರು. ಅವರು ಪೇಪರು ಮಡಿಚಿಟ್ಟು ವಾಕಿಂಗ್ ಹೋದರು. ಆ ದಿನದಿಂದ ಆರು ವಾರ ಅವರು ಮಗಳ ಫೋನಿಗೆ ಬರಲಿಲ್ಲ. ತಾಯಿ ಅಳಲಿಲ್ಲ, ಬೈಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು:

"ನಾಳೆ ನಿನ್ನ ಅತ್ತೆ ಜತೆ ನಾನು ಯಾವ ಭಾಷೇಲಿ ಜಗಳ ಆಡಲೇ?"

ಮಗಳು ನಕ್ಕಳು. ಅದು ನಗುವ ಮಾತಾಗಿರಲಿಲ್ಲ ಎಂದು ಅವಳಿಗೆ ಗೊತ್ತಾದದ್ದು ಬಹಳ ತಡವಾಗಿ. ನಮ್ಮ ಕಡೆ ಬೀಗಿತ್ತಿಯರ ಸಂಬಂಧವೆಂದರೆ ಅರ್ಧ ಉಪಚಾರ, ಅರ್ಧ ಮುನಿಸು. ನಮಗೆ ಬಿಸಿನೀರು ಕೊಡಲಿಲ್ಲ, ನಮ್ಮ ಕಡೆಯವರಿಗೆ ಹೋಳಿಗೆ ಬಡಿಸಲಿಲ್ಲ ಎಂದು ಮುನಿಸಿಕೊಳ್ಳುವುದು, ಅದಕ್ಕೆ ಸಮಾಧಾನ ಹೇಳುವುದು, ಹೀಗೇ ಎರಡು ಮನೆಗಳು ಒಂದಾಗುವುದು. ಜಗಳವಾಡಲು ಭಾಷೆಯಿಲ್ಲದ ಕಡೆ ಬಳಕೆ ಎಲ್ಲಿಂದ ಬರಬೇಕು? ಮಕ್ಕಳು ಜಾತಿ, ಜಾತಕ ಎಂದು ವಾದಕ್ಕೆ ಸಿದ್ಧರಾಗಿ ಬಂದಿರುತ್ತಾರೆ. ತಂದೆತಾಯಿಯ ಭಯ ಹಲವು ಸಲ ಬೇರೆ ಕಡೆ ಇರುತ್ತದೆ: ನಾಳೆ ಮಗಳ ಮನೆಗೆ ಹೋದರೆ ಮಾತು ಬಾರದ ಅತಿಥಿಯಾಗಿ ಮೂಲೆಯಲ್ಲಿ ಕೂರಬೇಕಲ್ಲ ಎಂದು.

ಅಜ್ಜಿಯ ಭಯ ಇನ್ನೊಂದು ಬಗೆಯದು. ಅವರು ಬಂಗಾಳವನ್ನು ಬಲ್ಲವರು, ಶರಚ್ಚಂದ್ರರ ಕಾದಂಬರಿಗಳ ಮೂಲಕ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಕಾಲದಿಂದಲೂ ಇಲ್ಲಿನ ಹೆಣ್ಣುಮಕ್ಕಳು ಬಂಗಾಳಿ ಕಥೆಗಳಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಾರೆ. ಅಜ್ಜಿ ಅದೇ ಪರಂಪರೆಯವರು. "ಅಲ್ಲಿ ಸೊಸೇರನ್ನ ಬಹಳ ಅಳಿಸ್ತಾರೆ ಕಣೇ. ವಿಧವೇರ ಪಾಡಂತೂ ಕೇಳಲೇಬೇಡ" ಎಂದರು. ಅವು ನೂರು ವರ್ಷದ ಹಿಂದಿನ ಕಥೆಗಳು ಎಂದು ಮೊಮ್ಮಗಳು ಹೇಳಿದಳು. "ಇಲ್ಲಿ ನೂರು ವರ್ಷದಲ್ಲಿ ಎಷ್ಟು ಬದಲಾಗಿದೆ ಅಂತ ನನಗೆ ಗೊತ್ತು" ಎಂದು ಅಜ್ಜಿ ಬತ್ತಿ ಹೊಸೆಯತೊಡಗಿದರು.

ಆರು ವಾರ ಕಳೆದ ಮೇಲೆ ತಂದೆ ಮಾತಾಡಿದ್ದು ಕಾನೂನಿನ ಮೂಲಕ. ಬ್ಯಾಂಕಿನವರಲ್ಲವೇ, ಪುಸ್ತಕ ನೋಡದೆ ಸಹಿ ಹಾಕುವವರಲ್ಲ. ಯಾವುದೋ ವಕೀಲ ಸ್ನೇಹಿತರಿಂದ ಎರಡು ಕಾಯಿದೆಗಳನ್ನು ತಂದು ಓದಿದ್ದರು. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಧರ್ಮ ಬೇರೆಯಾದವರೂ ಧರ್ಮ ಬದಲಿಸದೆ ಮದುವೆಯಾಗಬಹುದು. ಆದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಹಾರ ಹಿಡಿದು ಕಚೇರಿಗೆ ಓಡಿದ ದಿನವೇ ಆಗುವ ಕೆಲಸವಲ್ಲ ಅದು. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು, ಅದನ್ನು ಪ್ರಕಟಿಸುತ್ತಾರೆ, ಆಕ್ಷೇಪಣೆಗೆ ಮತ್ತೆ 30 ದಿನ, ಆಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಕಾಲೇಜು ಹುಡುಗರಲ್ಲಿ ಅನೇಕರಿಗೆ ಇದು ತಿಳಿದಿರುವುದಿಲ್ಲ. ಇಲ್ಲಿ ಇಬ್ಬರೂ ಹಿಂದೂಗಳಾದ್ದರಿಂದ 1955ರ ಹಿಂದೂ ವಿವಾಹ ಕಾಯಿದೆಯೂ ಇತ್ತು. ಅದರ ಏಳನೆಯ ಕಲಮು ತಂದೆಗೆ ಬಹಳ ಹಿಡಿಸಿತು. ವಧುವರರಲ್ಲಿ ಯಾರಾದರೂ ಒಬ್ಬರ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದರೂ ಸಾಕು, ಮದುವೆ ಮದುವೆಯೇ ಎನ್ನುತ್ತದೆ ಅದು.

"ನೋಡು, ಸರ್ಕಾರಕ್ಕೆ ಒಂದು ಕಡೆಯ ಶಾಸ್ತ್ರ ಸಾಕಂತೆ" ಎಂದು ಹೆಂಡತಿಗೆ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ, 1921ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲರೂ ಬಂಗಾಳಿಯೇ ಎಂದು ನೆನಪಿಸಿದರು.

"ಅವರು ನಮ್ಮನೆ ಹೆಣ್ಣನ್ನ ಕೇಳಲಿಲ್ಲವಲ್ಲ" ಎಂದರು ತಾಯಿ.

ಹೀಗೆ ಒಪ್ಪಿಗೆ ಬಂತು ಎನ್ನುವುದಕ್ಕಿಂತ, ವಿರೋಧ ದಣಿಯಿತು ಎನ್ನಬೇಕು. ದೊಡ್ಡಪ್ಪನವರದು ಮಾತ್ರ ದಣಿಯಲಿಲ್ಲ. ಅವರು ಮದುವೆಗೆ ಬರಲಿಲ್ಲ, ತಮ್ಮನ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟರು. 2016ರಲ್ಲಿ ಅವರು ತೀರಿಕೊಂಡಾಗ ತಮ್ಮ ಹೋಗಿ ಹೊರಗೆ ಜಗುಲಿಯ ಮೇಲೆ ಕೂತು ಬಂದರು. ಎಲ್ಲವೂ ಸರಿಹೋಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಆಮೇಲೆ ಶುರುವಾದದ್ದು ಫೋನು. ಎರಡು ಮನೆಯ ತಾಯಂದಿರು, ನಡುವೆ ಮಗಳು. ಅವಳು ಅಷ್ಟರಲ್ಲಿ ಬಂಗಾಳಿ ಕಲಿತಿದ್ದಳು. ಮೊದಲ ಪ್ರಶ್ನೆ ತಿಂಗಳದು. ಬಂಗಾಳದಲ್ಲಿ ಭಾದ್ರ, ಪೌಷ, ಚೈತ್ರಗಳಲ್ಲಿ ಮದುವೆಯಿಲ್ಲ. ಆಷಾಢದಲ್ಲಿ ಧಾರಾಳವಾಗಿ ಆಗುತ್ತದೆ. ನಮ್ಮಲ್ಲಿ ಆಷಾಢವೆಂದರೆ ಆದ ಮದುವೆಯ ಸೊಸೆಯನ್ನೂ ತವರಿಗೆ ಕಳಿಸುವ ತಿಂಗಳು! ಜ್ಯೇಷ್ಠ ಎಂದರೆ ಹಿರಿಯ ಮಗ, ಹಿರಿಯ ಮಗಳಿಗೆ ಆಗದು ಎಂದು ಎರಡು ಕಡೆಯವರೂ ಒಂದೇ ಮಾತಾಡಿದರು. ಮೊದಲ ಬಾರಿಗೆ ಒಮ್ಮತ ಬಂದದ್ದು ಅಲ್ಲಿ. ಮುಂದಿನದು ಹೊತ್ತು. ಅಲ್ಲಿ ಮದುವೆ ರಾತ್ರಿಯ ಲಗ್ನಕ್ಕೆ, ಇಲ್ಲಿ ಬೆಳಗಿನ ಮುಹೂರ್ತಕ್ಕೆ.

"ಬೆಳಕಿನಲ್ಲಿ ಮದುವೆಯೇ? ಹಾಗೂ ಮಾಡುತ್ತಾರೆಯೇ?" ಎಂದರು ಕೋಲ್ಕತ್ತದ ತಾಯಿ. "ಬೆಳಗಿನ ಮುಹೂರ್ತ ಆದೀತು ಅಂತಿದ್ದಾರೆ" ಎಂದು ಮಗಳು ಕನ್ನಡದಲ್ಲಿ ಹೇಳಿದಳು.

"ಕಳ್ಳರ ಹಾಗೆ ರಾತ್ರಿ ಹೊತ್ತು ಮದುವೇನಾ?" ಎಂದರು ಮೈಸೂರಿನ ತಾಯಿ. "ಅಮ್ಮನಿಗೆ ನಿದ್ದೆಗೆಟ್ಟರೆ ಆಗುವುದಿಲ್ಲವಂತೆ" ಎಂದು ಮಗಳು ಬಂಗಾಳಿಯಲ್ಲಿ ಹೇಳಿದಳು.

ಕೆಟ್ಟ ಉದ್ದೇಶವೇನಿರಲಿಲ್ಲ. ಕಲ್ಲು ಆರಿಸಿ ಅಕ್ಕಿ ಕೊಡುವಂತೆ ಮಾತು ಆರಿಸಿ ಕೊಡುತ್ತಿದ್ದಳು. ಎಲ್ಲರಿಗೂ ಸಮಾಧಾನ. ಹಗಲು ಧಾರೆ, ಅದೇ ಛತ್ರದಲ್ಲಿ ರಾತ್ರಿ ಅವರ ಶಾಸ್ತ್ರ ಎಂದು ಮಾತಾಯಿತು. ಆದರೆ ಆರಿಸುವ ಕೈಗೆ ಒಂದು ಚಟ ಅಂಟಿಕೊಳ್ಳುತ್ತದೆ. ಬಂಗಾಳದಲ್ಲಿ ಮದುವೆಯ ಅರಿಸಿನದ ಶಾಸ್ತ್ರದಂದು ವರನ ಮನೆಯಿಂದ ವಧುವಿನ ಮನೆಗೆ ತಟ್ಟೆಗಳಲ್ಲಿ ಉಡುಗೊರೆ ಹೋಗುತ್ತದೆ. ಅದಕ್ಕೆ 'ತತ್ತ್ವ' ಎನ್ನುತ್ತಾರೆ. ಸೀರೆ, ಸಿಹಿ, ಜತೆಗೆ ಒಂದು ದೊಡ್ಡ ರೋಹು ಮೀನು. ಆ ಮೀನಿಗೆ ಸೀರೆಯುಡಿಸಿ, ಮೂಗಿಗೆ ನತ್ತಿಟ್ಟು, ಮದುವಣಗಿತ್ತಿಯ ಹಾಗೆ ಸಿಂಗರಿಸಿರುತ್ತಾರೆ. ಮೀನು ಅಲ್ಲಿ ಮಂಗಳದ ವಸ್ತು, ನಮ್ಮ ತೆಂಗಿನಕಾಯಿಯಂತೆ. "ಕಳಿಸಬಹುದೇ, ನಿಮ್ಮವರನ್ನು ಕೇಳು" ಎಂದು ಕೋಲ್ಕತ್ತದ ತಾಯಿ ಮರ್ಯಾದೆಯಿಂದಲೇ ಕೇಳಿದ್ದರು. ಈರುಳ್ಳಿಯೂ ಒಳಗೆ ಬಾರದ ಮನೆ. ಮಗಳು ಕೇಳಲೇ ಇಲ್ಲ. "ನಮ್ಮವರಿಗೆ ಸಂತೋಷವೇ, ಆದರೆ ಅಷ್ಟು ದೂರದ ಪ್ರಯಾಣ, ಕೆಟ್ಟುಹೋದೀತು" ಎಂದುಬಿಟ್ಟಳು. ಇತ್ತ ಅಮ್ಮನಿಗೆ, "ಅವರ ಮನೇಲೂ ಹುಡುಗನ ಅಜ್ಜಿ ಮೀನು ಮುಟ್ಟೋದಿಲ್ಲ, ಅವರದು ಬೇರೆ ಅಡುಗೆ" ಎಂದು ಹೇಳಿದ್ದಳು. ಅದು ನಿಜ. ಆ ಅಜ್ಜಿ ಏಕೆ ಮುಟ್ಟುವುದಿಲ್ಲ ಎಂಬುದನ್ನು ಹೇಳಿರಲಿಲ್ಲ.

ಬೀಗಿತ್ತಿ ಬರುವುದಿಲ್ಲ ಎಂಬ ಮಾತೂ ಹೀಗೆಯೇ ಉಳಿದುಹೋಯಿತು. ಇಂದು ಹೇಳಿದರೆ ಅಮ್ಮ ನೊಂದುಕೊಂಡಾರು, ನಾಳೆ ಹೇಳೋಣ ಎಂದು ಮೂರು ತಿಂಗಳು.

ಉಗ್ರಾಣದಲ್ಲಿ ಕೂತ ತಾಯಿಯ ಬಳಿ ಯಾರು ಹೋದರೂ ಅವರು ಏಳಲಿಲ್ಲ. ಮಗಳು ಹೋಗಿ ಪದ್ಧತಿಯ ವಿಷಯ ಹೇಳಿದಳು. "ನೀನು ಹೇಳೋದನ್ನ ಇನ್ನು ನಾನು ನಂಬಲಾ?" ಎಂದರು. ಅರ್ಧ ಗಂಟೆ ಹೀಗೇ ಹೋಯಿತು. ಕೊನೆಗೆ ಒಳಗೆ ಬಂದದ್ದು ಹುಡುಗನ ಸೋದರತ್ತೆ. ಕೆಂಪಂಚಿನ ಸೀರೆ, ದಪ್ಪ ಶರೀರ. ಆಕೆಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ನೆಲದ ಮೇಲೆ ಕಷ್ಟಪಟ್ಟು ಕೂತು, ಕೋಲ್ಕತ್ತಕ್ಕೆ ಫೋನು ಹಚ್ಚಿ, ಏನೂ ಹೇಳದೆ ಅದನ್ನು ಬೀಗಿತ್ತಿಯ ಕಿವಿಗೆ ಹಿಡಿದರು.

ಮೈಸೂರಿನ ತಾಯಿ ಹುಡುಗಿಯಾಗಿದ್ದಾಗ ಹಿಂದಿ ಪ್ರಚಾರದ ಪರೀಕ್ಷೆಗೆ ಕಟ್ಟಿದವರು, 'ಮಧ್ಯಮಾ' ಪಾಸು ಮಾಡಿದವರು. ಅದಾದ ಮೇಲೆ ಹಿಂದಿಯೆಂದರೆ ಭಾನುವಾರದ ದೂರದರ್ಶನ. ಆ ಕಡೆಯವರ ಹಿಂದಿಯೂ ಅದೇ ಮಟ್ಟದ್ದು, ಲಿಂಗವಿಲ್ಲ, ವಚನವಿಲ್ಲ. ಅಂಥ ಎರಡು ಮುರುಕು ಹಿಂದಿಗಳು ಮೊದಲ ಬಾರಿ ನೇರವಾಗಿ ಎದುರಾದವು. ನನಗೂ ನೋಡಬೇಕು ಎಂದಿತ್ತು, ಒಬ್ಬನೇ ಮಗ ಎಂದು ಆ ಕಡೆಯಿಂದ ಬಂತು. ಆಮೇಲೆ ಅಳು. ಈ ಕಡೆ ಸ್ವಲ್ಪ ಹೊತ್ತು ಮೌನ. ಅಳುವವರ ಎದುರು ಏನು ಕೇಳಬೇಕೋ ಅದನ್ನೇ ಈ ತಾಯಿ ಕೇಳಿದರು: "ಖಾನಾ ಖಾಯಾ?"

ಊಟ ಮಾಡಿರಲಿಲ್ಲವಂತೆ.

ಹುಡುಗ ಹೊರಡುವಾಗಿನ ಸಂಗತಿಯೂ ಆಗಲೇ ತಿಳಿದದ್ದು. ವರ ಮನೆ ಬಿಡುವಾಗ ತಾಯಿ "ಎಲ್ಲಿಗೆ ಹೊರಟೆ?" ಎಂದು ಕೇಳಬೇಕು, ಮಗ "ನಿನಗೊಬ್ಬ ದಾಸಿಯನ್ನು ತರಲು" ಎನ್ನಬೇಕು, ಇದು ಅವರ ಹಳೆಯ ಪದ್ಧತಿ. ಈ ಹುಡುಗ ಆ ಮಾತು ಆಡಲಾರೆ ಎಂದು ಪ್ರೇಯಸಿಗೆ ಭಾಷೆ ಕೊಟ್ಟಿದ್ದ, ಆದರೆ ತಾಯಿಗೆ ಮೊದಲೇ ತಿಳಿಸಿರಲಿಲ್ಲ. ಅವರು ಪ್ರಶ್ನೆ ಕೇಳಿದರು, ಅವನು ಕಾಲು ಮುಟ್ಟಿ ಸುಮ್ಮನೆ ಹೊರಟ. ಉತ್ತರಕ್ಕಾಗಿ ಕಾದು ನಿಂತ ತಾಯಿ ಬಾಗಿಲಲ್ಲೇ ಉಳಿದರು. ಆ ಮಾತು ಹೋಗಬೇಕಾದದ್ದೇ, ಅನುಮಾನವಿಲ್ಲ. ಆದರೂ ನಾಲ್ಕು ದಿನ ಮೊದಲು ಅಡುಗೆಮನೆಯಲ್ಲಿ ಕೂತು ಹೇಳಬಹುದಿತ್ತು.

ಮರುದಿನ ಬೆಳಿಗ್ಗೆ ತತ್ತ್ವದ ತಟ್ಟೆಗಳು ಬಂದವು. ಮೂರನೆಯ ತಟ್ಟೆಯ ಮೇಲಿನ ಬಟ್ಟೆ ತೆಗೆದಾಗ ಹೆಂಗಸರು ಹಿಂದಕ್ಕೆ ಸರಿದರು. ಸೀರೆಯುಟ್ಟು, ನತ್ತು ತೊಟ್ಟು, ಒಂದು ಮೊಳದ ಮೀನು! ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು, ಬೆರಳಿನಿಂದ ಒತ್ತಿ ನೋಡಿದರು. "ಹಾಲಿಂದು ಕಣ್ರೇ" ಎಂದರು. ಮೀನು ಕೆಟ್ಟೀತು ಎಂಬ ಮಾತನ್ನು ನಂಬಿದ ಕೋಲ್ಕತ್ತದ ತಾಯಿ, ಕೆಡದಂಥ ದಾರಿ ಹುಡುಕಿ, ಸಂದೇಶ್ ಸಿಹಿಯಲ್ಲೇ ಮೀನು ಮಾಡಿಸಿದ್ದರು. ಶುಭಕಾರ್ಯಕ್ಕೆ ಒಡೆದ ಹಾಲೇ ಎಂದು ಯಾರೋ ಗೊಣಗಿದರು. ಅದು ಯಾರಿಗೂ ಕೇಳಿಸಲಿಲ್ಲ ಎಂದು ಎಲ್ಲರೂ ನಟಿಸಿದರು. ಹಗಲು ಅಂತಃಪಟ ಸರಿದು ಜೀರಿಗೆ ಬೆಲ್ಲ ಬಿತ್ತು. ರಾತ್ರಿ ವಧು ಮುಖಕ್ಕೆ ಹಿಡಿದಿದ್ದ ವೀಳ್ಯದೆಲೆ ಸರಿಸಿ ವರನನ್ನು ನೋಡಿದಳು. ಅವರು ಇದಕ್ಕೆ ಶುಭದೃಷ್ಟಿ ಎನ್ನುತ್ತಾರೆ. ಕನ್ನಡದ ಪುರೋಹಿತರು ಅದನ್ನು ಕೊನೆಯವರೆಗೂ ನಿಂತು ನೋಡಿದರು.

ತಾಯಿ ಮಗಳ ಜಗಳ ನಡೆದದ್ದು ಮದುವೆ ಮುಗಿದು, ಮಗಳು ಕೋಲ್ಕತ್ತಕ್ಕೆ ಹೊರಡುವ ಬೆಳಿಗ್ಗೆ. "ನಮ್ಮಿಬ್ಬರ ಮಾತನ್ನೂ ನೀನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ. ಅವರ ಮಾತು ಹೇಗಿದೆ ಅಂತ ನನಗೆ ಗೊತ್ತೇ ಆಗಲಿಲ್ಲ. ನನಗೆ ತಡೆಯೋ ಶಕ್ತಿ ಇಲ್ಲ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಾ?" ಎಂದರು. ಮಗಳಲ್ಲಿ ಉತ್ತರವಿರಲಿಲ್ಲ. ಮಡಿಲಕ್ಕಿ ಕಟ್ಟುವಾಗಲೂ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಕೋಲ್ಕತ್ತದಲ್ಲಿ ಅವಳ ಹೆಸರಿನ ಮೊದಲಕ್ಷರ 'ವ' ಹೋಗಿ 'ಬ' ಆಯಿತು. ಆ ಭಾಷೆಯಲ್ಲಿ 'ವ' ಇಲ್ಲ. ಮನೆತನದ ಹೆಸರೇನು ಎಂದು ಕೇಳಿದವರಿಗೆ, ನಮ್ಮಲ್ಲಿ ಅದಿಲ್ಲ, ಇರುವುದು ಅಪ್ಪನ ಹೆಸರಿನ ಇನಿಷಿಯಲ್ ಎಂದು ಹೇಳಿ ಹೇಳಿ ಸಾಕಾಯಿತು. ಮದುವೆಯಾದೊಡನೆ ಹೆಸರು ಬದಲಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಅವಳು ಬದಲಿಸಲಿಲ್ಲ. 'ಬೌ ಭಾತ್' ದಿನ ಗಂಡ ಊಟದ ತಟ್ಟೆಯನ್ನೂ ಸೀರೆಯನ್ನೂ ಅವಳ ಕೈಗಿತ್ತು, ಅನ್ನ ಬಟ್ಟೆಯ ಹೊಣೆ ತನ್ನದು ಎನ್ನುವ ಶಾಸ್ತ್ರ. ಅವಳ ಸಂಬಳ ಅವನದಕ್ಕಿಂತ ಹೆಚ್ಚು. ಇಬ್ಬರೂ ನಗು ತಡೆದುಕೊಂಡರು.

ಆದರೆ ಹೇಳದೆ ಉಳಿದ ಇನ್ನೊಂದು ಮಾತು ಬಾಕಿಯಿತ್ತಲ್ಲ, ಅದು ಹೊರಬಿದ್ದದ್ದು 2012ರ ಚಳಿಗಾಲದಲ್ಲಿ. ಕಾಶಿ, ಗಯಾ ಯಾತ್ರೆಗೆ ಹೋದ ತಂದೆ ತಾಯಿ ಅಜ್ಜಿಯನ್ನೂ ಕರೆದುಕೊಂಡು ಕೋಲ್ಕತ್ತದಲ್ಲಿ ನಾಲ್ಕು ದಿನ ಉಳಿದರು. ಅಲ್ಲಿ ಹುಡುಗನ ಅಜ್ಜಿ, ಅವರ ಮಾತಿನಲ್ಲಿ ಠಾಕುಮಾ, ಅಂಚಿಲ್ಲದ ಬಿಳಿ ಸೀರೆಯುಟ್ಟು ಬಂದು ನಿಂತರು. ಮೈಸೂರಿನ ಅಜ್ಜಿ ಒಮ್ಮೆ ನೋಡಿದರು, ಮೊಮ್ಮಗಳ ಕಡೆ ತಿರುಗಿದರು. "ಇವರು ಮೀನು ಮುಟ್ಟಲ್ಲ ಅಂದೆಯಲ್ಲ. ಬಿಟ್ಟದ್ದಲ್ಲ ಅದು, ಬಿಡಿಸಿದ್ದು" ಎಂದರು.

ಹೌದು. ಬಂಗಾಳದ ಮೇಲ್ಜಾತಿಯ ವಿಧವೆಯರಿಗೆ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧವಾಗಿದ್ದವು. ಅಲ್ಲಿನ ಸಸ್ಯಾಹಾರಿ ಅಡುಗೆಯ ಎಷ್ಟೋ ರುಚಿಗಳು, ಗಸಗಸೆ ಹಾಕಿದ ಪಲ್ಯ, ಬಾಳೆ ಹೂವಿನ ಪಲ್ಯ, ಬಾಳೆ ದಿಂಡಿನ ಪಲ್ಯ ಬೆಳೆದದ್ದು ಆ ಹೆಂಗಸರ ಬೇರೆ ಒಲೆಯ ಮೇಲೆ. ಠಾಕುಮಾ ಮೂವತ್ತರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಮನೆಯವರಿಗೆಲ್ಲ ಮೀನು ಬೇಯುವ ವಾಸನೆಯ ಪಕ್ಕದಲ್ಲೇ ಅವರ ಒಲೆ. ಆಮೇಲೆ ಮಕ್ಕಳು ತಿನ್ನಿ ಎಂದಾಗ ನಾಲಿಗೆಗೆ ಬೇಡವಾಗಿತ್ತು. ಮೊಮ್ಮಗಳು ಇದನ್ನೇ 'ಅವರ ಮನೆಯ ಸಸ್ಯಾಹಾರ' ಎಂದು ತವರಿನಲ್ಲಿ ಶಿಫಾರಸು ಮಾಡಿದ್ದಳು.

ಆ ಮಧ್ಯಾಹ್ನ ಇಬ್ಬರು ಮುದುಕಿಯರೂ ಎದುರು ಬದುರು ಕೂತು ಬಾಳೆ ಹೂವು ಬಿಡಿಸಿದರು. ಕಪ್ಪು ಅಂಟದಿರಲೆಂದು ಕೈಗೆ ಎಣ್ಣೆ ಸವರಿಕೊಳ್ಳುವುದು, ಪ್ರತಿ ಹೂವಿನ ನಡುವಿನ ಕಡ್ಡಿಯನ್ನು ಎಳೆದು ಬಿಸಾಡುವುದು, ಎಲ್ಲ ಎರಡು ಕಡೆಯೂ ಒಂದೇ. ಎಣ್ಣೆ ಮಾತ್ರ ಬೇರೆ. ಸಾಸಿವೆ ಎಣ್ಣೆಯ ಘಾಟಿಗೆ ಅಜ್ಜಿ ಸೀನಿದರು. ಒಬ್ಬರು ಬಂಗಾಳಿಯಲ್ಲಿ, ಇನ್ನೊಬ್ಬರು ಕನ್ನಡದಲ್ಲಿ, ನಿಲ್ಲಿಸದೆ ಮಾತಾಡಿದರು. ಮೊಮ್ಮಗಳು ಹತ್ತಿರ ಕೂತು ಅನುವಾದಕ್ಕೆ ಬಾಯಿ ತೆಗೆದಳು. "ನೀನು ಹೋಗೇ ಆ ಕಡೆ" ಎಂದರು ಅಜ್ಜಿ.

ಈಗ ಇಬ್ಬರು ಮುದುಕಿಯರೂ ಇಲ್ಲ. ದಂಪತಿಗಳು ಬೆಂಗಳೂರಿನಲ್ಲಿದ್ದಾರೆ. 2013ರಲ್ಲಿ ಹುಟ್ಟಿದ ಮಗಳಿಗೆ ತಾಯಿ ಕನ್ನಡದಲ್ಲೂ ತಂದೆ ಬಂಗಾಳಿಯಲ್ಲೂ ಮಾತಾಡಿದರು. ಮೊದಲು ಎರಡನ್ನೂ ಕಲಸಿ ಆಡುತ್ತಿದ್ದ ಹುಡುಗಿ, ಶಾಲೆಗೆ ಹೋಗುವ ಹೊತ್ತಿಗೆ ಯಾರಿಗೆ ಯಾವುದು ಎಂದು ತಾನೇ ವಿಂಗಡಿಸಿಕೊಂಡಳು. 2020ರಲ್ಲಿ ಎಲ್ಲರೂ ಮನೆಯೊಳಗೇ ಉಳಿದಾಗ ಸಂಜೆಗೊಮ್ಮೆ ವಿಡಿಯೋ ಕರೆ ರೂಢಿಯಾಯಿತು: ಒಂದು ಚೌಕದಲ್ಲಿ ಮೈಸೂರು, ಒಂದರಲ್ಲಿ ಕೋಲ್ಕತ್ತ, ನಡುವೆ ಏಳು ವರ್ಷದ ಈ ದುಭಾಷಿ. ಹಿಂದಿ ಅಷ್ಟರಲ್ಲಿ ಇಬ್ಬರಿಗೂ ಬೇಸರವಾಗಿತ್ತು.

ಒಂದು ಸಂಜೆ ಮೈಸೂರಿನವರು, ಹೋದ ಸಂಕ್ರಾಂತಿಗೆ ಕಳಿಸಿದ್ದ ನಿಪ್ಪಟ್ಟು ಹೇಗಿತ್ತು ಎಂದು ಕೇಳು ಎಂದರು. ಹುಡುಗಿ ಕೇಳಿದಳು, ಉತ್ತರ ಆಲಿಸಿದಳು.

"ಕಲ್ಲಿನ ಹಾಗಿತ್ತಂತೆ ಅಜ್ಜಿ. ಹಲ್ಲಿಗೆ ಆಗಲಿಲ್ಲವಂತೆ. ಪಕ್ಕದ ಮನೆಯವರಿಗೆ ಕೊಟ್ಟರಂತೆ."

ಅಡುಗೆಮನೆಯಿಂದ ಮಗಳು ಒದ್ದೆ ಕೈಯಲ್ಲೇ ಓಡಿಬಂದಳು. ಅಷ್ಟರಲ್ಲಿ ಮೈಸೂರಿನ ಚೌಕದಿಂದ ಮಾತು ಹೊರಟಾಗಿತ್ತು: "ಹಲ್ಲು ಕಟ್ಟಿಸಿಕೊಳ್ಳೋಕೆ ಹೇಳು ನಿಮ್ಮ ಠಾಮ್ಮಾಗೆ. ಹಿಟ್ಟು ನಾನು ಚೆನ್ನಾಗೇ ಕಲಸಿದ್ದೆ."

ಹುಡುಗಿ ಅದನ್ನೂ ಒಂದಕ್ಷರ ಬಿಡದೆ ಬಂಗಾಳಿಗೆ ತಿರುಗಿಸಿದಳು. ಕೋಲ್ಕತ್ತದವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಉತ್ತರಕ್ಕೆ ಸಿದ್ಧರಾದರು.